ಪ್ರಾಥಮಿಕ ಶಾಲೆಯ ಇತಿಹಾಸ ಪಠ್ಯವನ್ನು ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಎಂಟರಿಂದ ಹನ್ನೊಂದು ವರ್ಷದ ಮಕ್ಕಳು ಓದಬೇಕಾದ ಇತಿಹಾಸದ ಪಾಠಗಳನ್ನು ಆರಿಸುವ, ಬರೆಯುವ, ತಿದ್ದುವ ಮತ್ತು ಕೊನೆಗೆ ಒಪ್ಪಿಗೆಯ ಮುದ್ರೆ ಒತ್ತುವ ಹೊಣೆ ನಿಮ್ಮ ಮೇಲಿದೆ. ನೀವು ಯಾವ ದೇಶದ, ಯಾವ ಭಾಷೆಯ ಪಠ್ಯವನ್ನು ಸಿದ್ಧಪಡಿಸುತ್ತಿದ್ದರೂ ಈ ಪತ್ರ ನಿಮ್ಮನ್ನು ಉದ್ದೇಶಿಸಿಯೇ ಬರೆದದ್ದು. ನನ್ನ ಕೋರಿಕೆ ಒಂದೇ. ಪ್ರಾಚೀನ ಮತ್ತು ಮಧ್ಯಕಾಲೀನ ಇತಿಹಾಸದ ಬಗ್ಗೆ ಮಗುವಿಗೆ ನೀವು ಏನನ್ನೇ ಹೇಳಿದರೂ, ಆ ಸಂಗತಿ ನಮಗೆ ತಿಳಿದುಬಂದದ್ದು ಹೇಗೆ ಎಂಬುದನ್ನು ಅದೇ ಪುಟದಲ್ಲಿ, ಅದೇ ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ. ಹಾಗೆ ಹೇಳಲು ಜಾಗ ಸಾಲದಿದ್ದರೆ ಪಾಠಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಆದರೆ ಆಧಾರವನ್ನು ಕೈಬಿಡಬೇಡಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅನೇಕ ಪಠ್ಯಕ್ರಮಗಳಲ್ಲಿ ಇತಿಹಾಸ ಕಾಲಾನುಕ್ರಮದಲ್ಲಿ ಸಾಗುತ್ತದೆ: ಅತ್ಯಂತ ದೂರದ ಕಾಲ ಅತ್ಯಂತ ಚಿಕ್ಕ ಮಕ್ಕಳ ಪಾಲಿಗೆ ಬರುತ್ತದೆ, ಮಕ್ಕಳು ದೊಡ್ಡವರಾದಂತೆ ಪಾಠವೂ ಇಂದಿನ ಕಾಲಕ್ಕೆ ಹತ್ತಿರವಾಗುತ್ತದೆ. ಇಂಗ್ಲೆಂಡಿನಲ್ಲಿ 2014ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಶಿಲಾಯುಗದಿಂದ 1066ರವರೆಗಿನ ಆ ದೇಶದ ಚರಿತ್ರೆಯೂ, ಪ್ರಾಚೀನ ಗ್ರೀಸಿನ ಪರಿಚಯವೂ ಏಳರಿಂದ ಹನ್ನೊಂದು ವರ್ಷದ ಮಕ್ಕಳಿಗೇ ನಿಗದಿಯಾಗಿವೆ. ಈ ಕ್ರಮದಲ್ಲಿ ತಪ್ಪಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಇದರ ಪರಿಣಾಮವನ್ನು ನಾವು ಸಾಕಷ್ಟು ಗಂಭೀರವಾಗಿ ಯೋಚಿಸಿಲ್ಲ. ವಿಜ್ಞಾನದಲ್ಲಿ ಐದನೆಯ ತರಗತಿಯಲ್ಲಿ ಸರಳವಾಗಿ ಹೇಳಿದ್ದನ್ನು ಹತ್ತನೆಯ ತರಗತಿಯಲ್ಲಿ ತಿದ್ದಿ, ವಿಸ್ತರಿಸಿ ಹೇಳುವ ಅವಕಾಶವಿರುತ್ತದೆ. ಪ್ರಾಚೀನ ಈಜಿಪ್ಟಿನ ಬಗ್ಗೆಯೋ ಸಿಂಧೂ ಕಣಿವೆಯ ನಗರಗಳ ಬಗ್ಗೆಯೋ ಮಗು ಒಮ್ಮೆ ಕಲಿತದ್ದನ್ನು ಮತ್ತೆ ತೆರೆದು ನೋಡುವ ಸಂದರ್ಭ ಬಹುಪಾಲು ಮಕ್ಕಳಿಗೆ ಬರುವುದೇ ಇಲ್ಲ. ಒಂಬತ್ತು ವರ್ಷದಲ್ಲಿ ಮನಸ್ಸಿನಲ್ಲಿ ಕೂತ ಚಿತ್ರವೇ ಅವರು ಮತ ಹಾಕುವ ವಯಸ್ಸಿಗೆ ಬಂದಾಗಲೂ, ತಮ್ಮ ಮಕ್ಕಳಿಗೆ ಉತ್ತರ ಹೇಳುವ ವಯಸ್ಸಿಗೆ ಬಂದಾಗಲೂ ಉಳಿದಿರುತ್ತದೆ. ಆದ್ದರಿಂದ ಪ್ರಾಥಮಿಕ ಶಾಲೆಯ ಪ್ರಾಚೀನ ಇತಿಹಾಸವನ್ನು ಮುಂದಿನ ಓದಿಗೆ ಪೀಠಿಕೆಯೆಂದು ಬರೆಯಬಾರದು. ಎಷ್ಟೋ ಮಕ್ಕಳಿಗೆ ಅದೇ ಮೊದಲ ಮತ್ತು ಅದೇ ಕೊನೆಯ ಓದು ಎಂದು ತಿಳಿದು ಬರೆಯಬೇಕು.

ಚಿಕ್ಕ ಮಕ್ಕಳಿಗೆ ಆಧಾರ, ಅನುಮಾನ, ತರ್ಕ ಇವೆಲ್ಲ ಅರ್ಥವಾಗುವುದಿಲ್ಲ, ಅವರಿಗೆ ಕಥೆ ಸಾಕು ಎಂಬ ಆಕ್ಷೇಪ ಬರುತ್ತದೆ ಎಂದು ನನಗೆ ಗೊತ್ತು. ತರಗತಿಯಲ್ಲಿ ಮಕ್ಕಳ ಜೊತೆ ಕಾಲ ಕಳೆದ ಯಾರಿಗೂ ಈ ಆಕ್ಷೇಪ ಪೂರ್ತಿ ಒಪ್ಪಿಗೆಯಾಗಲಾರದು. ರಾಜನೊಬ್ಬನ ವಿಷಯ ಹೇಳುತ್ತಿದ್ದಂತೆ ಹಿಂದಿನ ಸಾಲಿನಿಂದ ‘ಅದು ನಿಮಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆ ಬರುತ್ತದೆ. ಅದು ಉದ್ಧಟತನವಲ್ಲ, ಇತಿಹಾಸಕಾರರ ಮೊದಲ ಪ್ರಶ್ನೆಯೇ ಅದು. ಇಂಗ್ಲೆಂಡಿನಲ್ಲಿ 1990ರ ದಶಕದಲ್ಲಿ ಶಿಕ್ಷಣ ಸಂಶೋಧಕರಾದ ಪೀಟರ್ ಲೀ, ರೋಸಲಿನ್ ಆಶ್ಬಿ ಮತ್ತು ಅವರ ಸಹೋದ್ಯೋಗಿಗಳು ಏಳರಿಂದ ಹದಿನಾಲ್ಕು ವರ್ಷದ ಮಕ್ಕಳು ಐತಿಹಾಸಿಕ ಆಧಾರಗಳನ್ನು ಹೇಗೆ ಗ್ರಹಿಸುತ್ತಾರೆ ಎಂದು ದೀರ್ಘವಾಗಿ ಪರಿಶೀಲಿಸಿದರು. ಕೆಲವು ಏಳೆಂಟು ವರ್ಷದ ಮಕ್ಕಳ ತಿಳಿವಳಿಕೆ ಕೆಲವು ಹದಿನಾಲ್ಕರ ಮಕ್ಕಳ ತಿಳಿವಳಿಕೆಗಿಂತ ಮುಂದಿದ್ದದ್ದು ಅವರಿಗೆ ಕಂಡುಬಂತು. ವಯಸ್ಸೊಂದೇ ಇಲ್ಲಿ ಅಡ್ಡಿಯಲ್ಲ. ಆ ಪ್ರಶ್ನೆಗೆ ನಾವು ಉತ್ತರ ಕೊಡುತ್ತೇವೆಯೇ, ಅಥವಾ ಪಾಠ ಮುಗಿಸುವ ಅವಸರದಲ್ಲಿ ಅದನ್ನು ಅದುಮುತ್ತೇವೆಯೇ ಎಂಬುದು ಹೆಚ್ಚು ಮುಖ್ಯ.

ಕಾಲದ ಅಳತೆ ಮಕ್ಕಳಿಗೆ ನಿಜಕ್ಕೂ ಕಷ್ಟ, ಅದನ್ನು ಒಪ್ಪುತ್ತೇನೆ. ಅಜ್ಜಿಯ ಬಾಲ್ಯವೂ ಪಿರಮಿಡ್ಡುಗಳೂ ಅವರಿಗೆ ಒಂದೇ ‘ಹಿಂದೆ’ಯಲ್ಲಿ ಸೇರಿಹೋಗಿರುತ್ತವೆ. ಆದರೆ ಇಸವಿಗಳ ಪಟ್ಟಿಯನ್ನು ಉರುಹೊಡೆಸುವುದರಿಂದ ಈ ಕಷ್ಟ ನೀಗುವುದಿಲ್ಲ. ಗೀಜಾದ ಮಹಾ ಪಿರಮಿಡ್ಡು ಕಟ್ಟಿದ್ದು ಕ್ರಿ.ಪೂ. 2560ರ ಸುಮಾರಿಗೆ, ಕ್ಲಿಯೋಪಾತ್ರ ತೀರಿಕೊಂಡದ್ದು ಕ್ರಿ.ಪೂ. 30ರಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಶಾಲೆಯ ಅಂಗಳದಲ್ಲಿ ನೂರು ವರ್ಷಕ್ಕೆ ಒಂದು ಹೆಜ್ಜೆಯಂತೆ ಗೆರೆ ಎಳೆದು ಮೂರು ಮಕ್ಕಳನ್ನು ಈ ಮೂರು ಜಾಗಗಳಲ್ಲಿ ನಿಲ್ಲಿಸಿದರೆ, ಕ್ಲಿಯೋಪಾತ್ರ ಪಿರಮಿಡ್ಡಿಗಿಂತ ಚಂದ್ರಯಾನಕ್ಕೇ ಹತ್ತಿರ ನಿಂತಿರುವುದನ್ನು ಅವರು ಕಣ್ಣಾರೆ ಕಾಣುತ್ತಾರೆ. ‘ಪ್ರಾಚೀನ’ ಎಂಬ ಒಂದು ಮಾತಿನೊಳಗೆ ಎಷ್ಟು ಉದ್ದದ ಕಾಲ ಅಡಗಿದೆ ಎಂಬುದು ಅಂಥ ಒಂದು ತರಗತಿಯಲ್ಲಿ ಮನಸ್ಸಿಗೆ ಹತ್ತುವಷ್ಟು ಬೇರೆ ಯಾವ ರೀತಿಯಲ್ಲೂ ಹತ್ತುವುದಿಲ್ಲ.

ಇನ್ನು ಆಧಾರಗಳ ಮಾತು. ಪ್ರಾಚೀನ ಲೋಕದ ಆಧಾರಗಳೆಂದರೆ ಕಿರೀಟಗಳು ಮತ್ತು ಕೋಟೆಗಳು ಮಾತ್ರ ಎಂಬ ಭಾವನೆ ನಮ್ಮ ಪಠ್ಯಗಳಲ್ಲಿ ಬಲವಾಗಿದೆ. ವಾಸ್ತವದಲ್ಲಿ, ಎಂಟು ವರ್ಷದ ಮಗು ತಾನೇ ನೋಡಿ ಅರ್ಥಮಾಡಿಕೊಳ್ಳಬಹುದಾದ ಆಧಾರಗಳು ಹೇರಳವಾಗಿವೆ, ಮತ್ತು ಅವುಗಳಲ್ಲಿ ಕೆಲವನ್ನು ಮಕ್ಕಳೇ ಬಿಟ್ಟುಹೋಗಿದ್ದಾರೆ. ರಷ್ಯಾದ ನೊವ್‌ಗೊರೊದ್‌ ಪಟ್ಟಣದ ನೆಲ ಸದಾ ತೇವದಿಂದ ಕೂಡಿದ ಜೇಡಿ ನೆಲವಾದ್ದರಿಂದ ಅಲ್ಲಿ ಹೂತುಹೋದ ಬರ್ಚ್ ಮರದ ತೊಗಟೆ ಗಾಳಿಯಾಡದೆ, ಕೊಳೆಯದೆ ಶತಮಾನಗಳ ಕಾಲ ಉಳಿದಿದೆ. 1951ರಿಂದೀಚೆಗೆ ಅಲ್ಲಿ ಅಂಥ ನೂರಾರು ತೊಗಟೆಯ ಪತ್ರಗಳು ದೊರೆತವು. 1956ರಲ್ಲಿ ಸಿಕ್ಕ ಕೆಲವು ತುಂಡುಗಳು ಹದಿಮೂರನೆಯ ಶತಮಾನದ ಒನ್ಫಿಮ್ ಎಂಬ ಬಾಲಕನವು. ಅವನಿಗೆ ಆಗ ಆರೋ ಏಳೋ ವರ್ಷವಿದ್ದಿರಬೇಕೆಂದು ವಿದ್ವಾಂಸರ ಅಂದಾಜು. ಅಕ್ಷರಮಾಲೆಯನ್ನು ಬರೆಯಲು ಹೊರಟು, ಅದು ಮುಗಿಯುವ ಮೊದಲೇ ಅವನು ಕುದುರೆಯೇರಿದ ಯೋಧನೊಬ್ಬ ಶತ್ರುವನ್ನು ಈಟಿಯಿಂದ ತಿವಿಯುವ ಚಿತ್ರ ಬರೆದು, ಪಕ್ಕದಲ್ಲಿ ತನ್ನ ಹೆಸರನ್ನೇ ಬರೆದಿದ್ದಾನೆ. ಇನ್ನೊಂದು ತುಂಡಿನಲ್ಲಿ ವಿಚಿತ್ರ ಪ್ರಾಣಿಯೊಂದರ ಚಿತ್ರವಿದೆ, ‘ನಾನು ಕಾಡುಮೃಗ’ ಎಂಬ ಬರಹವಿದೆ. ಅವನ ಚಿತ್ರಗಳಲ್ಲಿ ಮನುಷ್ಯರ ಕೈಬೆರಳುಗಳ ಸಂಖ್ಯೆ ಒಂದೊಂದು ಕಡೆ ಒಂದೊಂದು ರೀತಿ ಇದೆ.

ಈ ಒಂದು ತೊಗಟೆಯ ಚಿತ್ರವನ್ನು ಪುಸ್ತಕದ ಇಡೀ ಪುಟಕ್ಕೆ ಅಚ್ಚು ಹಾಕಿ, ಕೆಳಗೆ ಕೆಲವೇ ಪ್ರಶ್ನೆಗಳನ್ನು ಕೊಟ್ಟರೆ ಏನಾಗಬಹುದು ಎಂದು ಯೋಚಿಸಿ. ಇದನ್ನು ಬರೆದವನು ದೊಡ್ಡವನೋ ಚಿಕ್ಕವನೋ, ನಿಮಗೆ ಹಾಗೆ ಏಕೆ ಅನ್ನಿಸಿತು? ಅವನ ಊರಿನಲ್ಲಿ ಮಕ್ಕಳಿಗೆ ಓದು ಕಲಿಸುತ್ತಿದ್ದರೆಂದು ಇದರಿಂದ ಹೇಳಬಹುದೇ? ಎಲ್ಲ ಮಕ್ಕಳಿಗೂ ಕಲಿಸುತ್ತಿದ್ದರೆಂದು ಹೇಳಬಹುದೇ? ಹೆಣ್ಣುಮಕ್ಕಳ ಬಗ್ಗೆ ಇದು ಏನನ್ನಾದರೂ ಹೇಳುತ್ತದೆಯೇ? ಅವನು ನಿಜವಾಗಿಯೂ ಯುದ್ಧವನ್ನು ನೋಡಿದ್ದನೇ, ಅಥವಾ ಯುದ್ಧದ ಕಥೆ ಕೇಳಿದ್ದನೇ? ಮೊದಲ ಪ್ರಶ್ನೆಗೆ ಮಗು ಧೈರ್ಯವಾಗಿ ಉತ್ತರಿಸುತ್ತದೆ. ಕೊನೆಯ ಪ್ರಶ್ನೆಗೆ ಬರುವಷ್ಟರಲ್ಲಿ ‘ಇದರಿಂದ ಹೇಳಲು ಆಗುವುದಿಲ್ಲ’ ಎಂಬ ಮಾತು ಅದರ ಬಾಯಿಂದಲೇ ಬರುತ್ತದೆ. ಒಂದು ಆಧಾರ ಎಷ್ಟನ್ನು ಹೇಳಬಲ್ಲದು, ಎಲ್ಲಿ ನಿಲ್ಲುತ್ತದೆ ಎಂಬ ಆ ವಿವೇಕವನ್ನು ನಾಲ್ಕು ರಾಜವಂಶಗಳ ಹೆಸರಿಗಿಂತ ಬೆಲೆಯುಳ್ಳದ್ದೆಂದು ನಾನು ನಂಬಿದ್ದೇನೆ.

ಇಂಥ ಆಧಾರಗಳು ಇನ್ನೂ ಹಿಂದಿನ ಕಾಲದಲ್ಲೂ ಇವೆ. ಮೆಸೊಪೊಟೇಮಿಯಾದ ನಿಪ್ಪೂರಿನಲ್ಲಿ ಸುಮಾರು 3,700 ವರ್ಷಗಳ ಹಿಂದೆ ಬರಹ ಕಲಿಯುತ್ತಿದ್ದವರ ಮಣ್ಣಿನ ಹಲಗೆಗಳು ರಾಶಿಯಾಗಿ ದೊರೆತಿವೆ. ಗುರು ಬರೆದ ಮಾದರಿಯೂ ಶಿಷ್ಯ ಅದನ್ನು ನಕಲು ಮಾಡಿದ್ದೂ ಒಂದೇ ಹಲಗೆಯಲ್ಲಿ ಇರುವುದುಂಟು. ಎರಡನ್ನೂ ಹೋಲಿಸಿದರೆ ಯಾವುದು ಯಾರದ್ದೆಂದು ಲಿಪಿ ತಿಳಿಯದ ಮಗುವೂ ಗುರುತಿಸಬಲ್ಲದು. ಈಜಿಪ್ಟಿನ ರಾಜರ ಗೋರಿಗಳನ್ನು ಕೊರೆದು ಅಲಂಕರಿಸಿದ ಕೆಲಸಗಾರರು ವಾಸವಿದ್ದ ದೇರ್ ಎಲ್ ಮದೀನಾ ಎಂಬ ಹಳ್ಳಿಯಿಂದ, ಎರಡನೆಯ ರಾಮ್ಸೆಸನ ಆಳ್ವಿಕೆಯ ನಲವತ್ತನೆಯ ವರ್ಷದ ಒಂದು ಹಾಜರಿ ಪಟ್ಟಿ ಬಂದಿದೆ. ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಕೆಲಸಗಾರರ ಹೆಸರುಗಳ ಮುಂದೆ ಅವರು ಯಾವ ದಿನ ಏಕೆ ಬರಲಿಲ್ಲ ಎಂದು ಬರೆದಿಟ್ಟಿದ್ದಾರೆ: ಒಬ್ಬನಿಗೆ ಚೇಳು ಕುಟುಕಿದೆ, ಒಬ್ಬನಿಗೆ ಕಣ್ಣಿನ ಬೇನೆ, ಒಬ್ಬ ತೀರಿಕೊಂಡ ತಾಯಿಯ ದೇಹವನ್ನು ಸಿದ್ಧಪಡಿಸಲು ಹೋಗಿದ್ದಾನೆ. ಅದೇ ಹಳ್ಳಿಯವರು ಸುಮಾರು ನೂರು ವರ್ಷಗಳ ನಂತರ, ಮೂರನೆಯ ರಾಮ್ಸೆಸನ ಕಾಲದಲ್ಲಿ, ಕೂಲಿಯಾಗಿ ಸಿಗಬೇಕಾದ ಧಾನ್ಯ ತಡವಾದಾಗ ಕೆಲಸ ನಿಲ್ಲಿಸಿ ಕುಳಿತರು. ಮುಷ್ಕರದ ಬಗ್ಗೆ ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹ ಅದು. ಈಜಿಪ್ಟೆಂದರೆ ಮಮ್ಮಿ ಮತ್ತು ಚಿನ್ನದ ಮುಖವಾಡ ಎಂದಷ್ಟೇ ಕಲಿತ ಮಗುವಿಗೆ, ಅಲ್ಲಿಯೂ ದುಡಿಯುವವರಿದ್ದರು, ಅವರಿಗೂ ಕಾಯಿಲೆ ಬರುತ್ತಿತ್ತು, ಕೂಲಿ ಬಾರದಿದ್ದರೆ ಅವರೂ ಕೇಳುತ್ತಿದ್ದರು ಎಂಬುದು ಗೊತ್ತಾಗುವುದು ಇಂಥ ಚಪ್ಪಡಿಗಳಿಂದ ಮತ್ತು ಹಾಳೆಗಳಿಂದಲೇ.

ರಾಜರನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ರಾಜರ ಪಾಠವನ್ನೂ ಇದೇ ರೀತಿಯಲ್ಲಿ ಹೇಳಬಹುದು. ಅಶೋಕನನ್ನೇ ತೆಗೆದುಕೊಳ್ಳಿ. ಕಳಿಂಗ ಯುದ್ಧದ ಸಾವುನೋವು ಕಂಡು ಅವನು ಪಶ್ಚಾತ್ತಾಪಪಟ್ಟು ಧರ್ಮದ ಮಾರ್ಗ ಹಿಡಿದ ಎಂಬ ವಾಕ್ಯ ಮಕ್ಕಳ ಪುಸ್ತಕಗಳಲ್ಲಿ ಇರುತ್ತದೆ, ಮಗು ಅದನ್ನು ಓದಿ ಮುಂದಿನ ಪಾಠಕ್ಕೆ ಹೋಗುತ್ತದೆ. ಈ ಮಾತು ಬಂದದ್ದು ಅವನೇ ಬಂಡೆಗಳ ಮೇಲೆ ಕೊರೆಸಿದ ಹದಿಮೂರನೆಯ ಶಾಸನದಿಂದ. ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟರು, ಒಂದು ಲಕ್ಷ ಜನ ಹತರಾದರು, ಅದರ ಅನೇಕ ಪಟ್ಟು ಜನ ಸತ್ತರು ಎಂದು ಅದರಲ್ಲಿದೆ. ಆ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಓದಲು ಯಾರಿಗೂ ಬಾರದ ಕಾಲವೊಂದಿತ್ತು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಅದನ್ನು ಓದಿದ ಮೇಲೂ ಬಂಡೆಗಳಲ್ಲಿ ಸಿಗುತ್ತಿದ್ದದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರೇ ದೊರೆತಾಗ ಆ ಬಿರುದುಗಳು ಯಾರವೆಂಬ ಸಂದೇಹ ತೀರಿತು. ಒಬ್ಬ ಚಕ್ರವರ್ತಿಯ ಹೆಸರನ್ನು ಜನ ಹೀಗೆ ಹುಡುಕಿ ಗುರುತಿಸಿದರು ಎಂಬ ಸಂಗತಿ ಯಾವ ಪತ್ತೇದಾರಿ ಕಥೆಗೂ ಕಡಿಮೆಯದಲ್ಲ, ಆದರೆ ಮಕ್ಕಳ ಪುಸ್ತಕಗಳಲ್ಲಿ ಅದಕ್ಕೆ ಒಂದು ಸಾಲೂ ಸಿಗುವುದು ಅಪರೂಪ.

ಇಲ್ಲಿ ಇನ್ನೂ ಒಂದು ಸಂಗತಿಯಿದೆ, ಅದನ್ನು ಮಕ್ಕಳ ಮುಂದಿಡುವ ಧೈರ್ಯ ನಮಗಿರಬೇಕು ಎಂಬುದು ನನ್ನ ಆಸೆ. ಕಳಿಂಗ ದೇಶದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಈ ಹದಿಮೂರನೆಯ ಶಾಸನ ಇಲ್ಲ. ಆ ಜಾಗದಲ್ಲಿ, ಪ್ರಜೆಗಳೆಲ್ಲ ನನ್ನ ಮಕ್ಕಳು ಎಂಬ ಮಾತುಳ್ಳ, ಅಧಿಕಾರಿಗಳು ನ್ಯಾಯವಾಗಿ ನಡೆದುಕೊಳ್ಳಬೇಕೆಂದು ಹೇಳುವ ಪ್ರತ್ಯೇಕ ಶಾಸನಗಳಿವೆ. ಯುದ್ಧದಲ್ಲಿ ನೊಂದ ಜನರ ನೆಲದಲ್ಲಿ ಮಾತ್ರ ಆ ಯುದ್ಧದ ಲೆಕ್ಕವನ್ನು ಏಕೆ ಕೊರೆಸಲಿಲ್ಲ? ನೊಂದವರನ್ನು ಮತ್ತೆ ನೋಯಿಸಬಾರದೆಂದೋ, ಅವರ ಸಿಟ್ಟು ಕೆರಳದಿರಲೆಂದೋ, ಬೇರೆ ಕಾರಣಕ್ಕೋ? ಹತ್ತು ವರ್ಷದ ಮಕ್ಕಳು ಇದನ್ನು ಗಂಭೀರವಾಗಿ ಚರ್ಚಿಸಬಲ್ಲರು, ಏಕೆಂದರೆ ನೋಯಿಸಿದವನು ನೋಯಿಸಿಕೊಂಡವನ ಎದುರು ಏನು ಮಾತನಾಡುತ್ತಾನೆ ಎಂಬುದು ಅವರ ಜಗತ್ತಿಗೂ ಪರಿಚಿತವಾದ ವಿಷಯ. ಆ ಚರ್ಚೆಯಿಂದ ಅಶೋಕ ಅವರ ಕಣ್ಣಿನಲ್ಲಿ ಚಿಕ್ಕವನಾಗುವುದಿಲ್ಲ. ಪ್ರತಿಮೆಯಾಗಿದ್ದವನು ಮನುಷ್ಯನಾಗುತ್ತಾನೆ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ ಎಂಬುದೂ ನನ್ನ ಕೋರಿಕೆಯ ಭಾಗ. ಸಿಂಧೂ ಕಣಿವೆಯ ಮುದ್ರೆಗಳ ಮೇಲಿನ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಇದುವರೆಗೆ ಯಾರೂ ಓದಿಲ್ಲ. ಆದ್ದರಿಂದ ಆ ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರು, ಯಾವ ಭಾಷೆಯಾಡುತ್ತಿದ್ದರು ಎಂಬುದನ್ನು ಖಚಿತವಾಗಿ ಹೇಳುವಂತಿಲ್ಲ. ಆದರೆ ಅವರ ಇಟ್ಟಿಗೆಗಳ ದಪ್ಪ, ಅಗಲ, ಉದ್ದ ಊರೂರಿಗೂ 1:2:4ರ ಅನುಪಾತದಲ್ಲೇ ಇರುತ್ತಿದ್ದವು, ತೂಕದ ಕಲ್ಲುಗಳು ದೂರದೂರದ ಪಟ್ಟಣಗಳಲ್ಲೂ ಒಂದೇ ಪದ್ಧತಿಗೆ ಹೊಂದುತ್ತಿದ್ದವು, ಮಕ್ಕಳಿಗೆ ಮಣ್ಣಿನ ಬಂಡಿ ಮತ್ತು ಸೀಟಿಗಳಿದ್ದವು ಎಂಬುದು ಗೊತ್ತು. ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಅಕ್ಕಪಕ್ಕದಲ್ಲಿಟ್ಟಾಗ ಮಗು ನಿರಾಶೆಗೊಳ್ಳುವುದಿಲ್ಲ. ಆ ಲಿಪಿಯನ್ನು ತಾನೇ ಓದಬೇಕೆಂಬ ಆಸೆ ಅದರಲ್ಲಿ ಹುಟ್ಟುತ್ತದೆ. ಖಾಲಿ ಬಿಡಬೇಕಾದ ಜಾಗವನ್ನು ಊಹೆಯಿಂದ ತುಂಬಿದಾಗ ಆ ಆಸೆಯನ್ನು ನಾವೇ ಕಸಿದುಕೊಂಡಂತೆ.

ಚಿತ್ರಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಆಧುನಿಕ ಕಲಾವಿದ ಕಲ್ಪಿಸಿ ಬರೆದ ಅರಮನೆಯ ಚಿತ್ರವನ್ನೂ ಅಗೆದು ತೆಗೆದ ವಸ್ತುವಿನ ಛಾಯಾಚಿತ್ರವನ್ನೂ ಒಂದೇ ರೀತಿ ಅಚ್ಚು ಹಾಕಿದರೆ ಮಗುವಿಗೆ ವ್ಯತ್ಯಾಸ ತಿಳಿಯುವ ದಾರಿಯಿಲ್ಲ. ಗ್ರೀಕರ ಅಮೃತಶಿಲೆಯ ವಿಗ್ರಹಗಳಿಗೆ ಮೂಲದಲ್ಲಿ ಬಣ್ಣ ಬಳಿದಿರುತ್ತಿದ್ದರು ಎಂಬುದು ಚೆನ್ನಾಗಿ ತಿಳಿದ ಮೇಲೂ ಅವುಗಳನ್ನು ಬಿಳಿಯಾಗಿಯೇ ತೋರಿಸುವ ರೂಢಿ ಹೋಗಿಲ್ಲ. ಚಿತ್ರದ ಅಡಿಯಲ್ಲಿ ಒಂದು ಸಾಲು ಸಾಕು.

ಮಧ್ಯಕಾಲದ ಇತಿಹಾಸಕ್ಕೆ ಬಂದಾಗ ಕಷ್ಟ ಬೇರೆ ರೀತಿಯದು. ಪಿರಮಿಡ್ಡು ಕಟ್ಟಿದವರ ಪರವಾಗಿ ಇಂದು ಜಗಳವಾಡುವವರು ಕಡಿಮೆ. ಮಧ್ಯಕಾಲದ ರಾಜರು, ಮತಗಳು, ಯುದ್ಧಗಳ ಹೆಸರಿನಲ್ಲಿ ಪಕ್ಷ ಕಟ್ಟುವವರು ಎಲ್ಲ ದೇಶಗಳಲ್ಲೂ ಇದ್ದಾರೆ, ಅವರ ಒತ್ತಡ ನಿಮ್ಮ ಸಮಿತಿಗಳ ಬಾಗಿಲಿಗೂ ಬರುತ್ತದೆ. ಪರಿಣಾಮವಾಗಿ ಆ ಸಾವಿರ ವರ್ಷಗಳು ಮಕ್ಕಳ ಪುಸ್ತಕದಲ್ಲಿ ದಾಳಿ ಮತ್ತು ಪ್ರತಿದಾಳಿಗಳ ಸರಣಿಯಾಗಿ ಉಳಿದುಬಿಡುತ್ತವೆ, ಇಲ್ಲವೇ ಯಾರಿಗೂ ಬೇಸರವಾಗದಿರಲೆಂದು ನಡೆದದ್ದೆಲ್ಲವನ್ನೂ ತೊಳೆದು ಹಾಕಿದ ನಿಸ್ಸಾರ ವರ್ಣನೆಯಾಗುತ್ತವೆ. ಎರಡೂ ಸುಳ್ಳೇ. ಯುದ್ಧಗಳು ನಡೆದವು, ಊರುಗಳು ಸುಟ್ಟವು, ಪೂಜಾಸ್ಥಳಗಳು ಕೆಡವಲ್ಪಟ್ಟವು. ಅದನ್ನು ಮುಚ್ಚಿಡುವುದು ಬೇಡ. ಆದರೆ ಮಾಡಿದವನನ್ನು ಅವನ ಹೆಸರಿನಿಂದ ಹೇಳಬೇಕು, ಅವನ ಮತದ ಅಥವಾ ಭಾಷೆಯ ಸಮಸ್ತ ಜನರ ಹೆಸರಿನಿಂದ ಹೇಳಬಾರದು. ‘ನಾವು ಗೆದ್ದೆವು’, ‘ಅವರು ನಮ್ಮನ್ನು ಸೋಲಿಸಿದರು’ ಎಂಬ ವಾಕ್ಯರಚನೆ ಮಕ್ಕಳ ಪುಸ್ತಕದಲ್ಲಿ ಎಲ್ಲೂ ಇರಕೂಡದು. ಹಾಗೆ ಬರೆದರೆ ಎಂಟುನೂರು ವರ್ಷಗಳ ಹಿಂದಿನ ಸೇನೆಯಲ್ಲಿ ಒಂಬತ್ತು ವರ್ಷದ ಮಗುವನ್ನು ಸೇರಿಸಿದಂತಾಗುತ್ತದೆ, ಪಕ್ಕದಲ್ಲಿ ಕೂತ ಇನ್ನೊಂದು ಮಗುವನ್ನು ಎದುರು ಪಾಳೆಯದಲ್ಲಿ ನಿಲ್ಲಿಸಿದಂತಾಗುತ್ತದೆ.

ಜನ ಒಬ್ಬರಿಂದ ಒಬ್ಬರು ಕಲಿತ, ಒಬ್ಬರನ್ನೊಬ್ಬರು ನಂಬಿ ವ್ಯವಹರಿಸಿದ ಚರಿತ್ರೆಯೂ ಅದೇ ಕಾಲದ್ದು, ಅದಕ್ಕೂ ಗಟ್ಟಿ ಆಧಾರಗಳಿವೆ. ಮಗು ಗಣಿತದ ಪುಸ್ತಕದಲ್ಲಿ ದಿನವೂ ಬರೆಯುವ ಅಂಕಿಗಳನ್ನೇ ನೋಡಿ. ಬ್ರಹ್ಮಗುಪ್ತ 628ರಲ್ಲಿ ಸೊನ್ನೆಯೊಂದಿಗೆ ಲೆಕ್ಕ ಮಾಡುವ ನಿಯಮಗಳನ್ನು ಬರೆದಿಟ್ಟ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಭಾರತದ ಅಂಕಿಗಳ ಪದ್ಧತಿಯನ್ನು ವಿವರಿಸಿದ. 1202ರಲ್ಲಿ ಪೀಸಾದ ಲಿಯೊನಾರ್ಡೊ ಅದನ್ನು ಲ್ಯಾಟಿನ್ ಓದುಗರಿಗೆ ತಿಳಿಸಿದ. ಸೊನ್ನೆಯ ಈ ಪಯಣವನ್ನು ಭೂಪಟದ ಮೇಲೆ ಗುರುತಿಸಿದ ಮಗುವಿಗೆ ಮಧ್ಯಕಾಲವೆಂದರೆ ಕತ್ತಲೆಯ ಕಾಲ ಎಂದು ಯಾರೂ ನಂಬಿಸಲಾರರು. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿಗೆ ಅರಬ್ಬೀ ಕರಾವಳಿಯ ಏಡನ್ ಬಂದರಿನ ಪಾಲುದಾರರು ಬರೆದ ಪತ್ರಗಳು ಕೈರೋದ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರ ಕೋಣೆಯಲ್ಲಿ ಉಳಿದುಬಂದಿವೆ. ಮೆಣಸು, ಕಬ್ಬಿಣಗಳ ಲೆಕ್ಕದ ಜೊತೆಗೆ ಕಾಗದ, ಸಕ್ಕರೆ, ಒಣದ್ರಾಕ್ಷಿಗಳನ್ನು ಉಡುಗೊರೆಯಾಗಿ ಕಳುಹಿಸಿದ ಮಾತು ಅವುಗಳಲ್ಲಿದೆ. ಅದೇ ಕೋಣೆಯಲ್ಲಿ ಮಕ್ಕಳು ಅಕ್ಷರ ಕಲಿತ ಹಾಳೆಗಳೂ ಸಿಕ್ಕಿವೆ.

ಮೊರಾಕ್ಕೋದ ಇಬ್ನ್ ಬತೂತ ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಾಗ ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದು ಹೇಳಿದ್ದಾನೆ. ತನ್ನ ಪ್ರವಾಸದ ಅನುಭವಗಳನ್ನು ಅವನು ಊರಿಗೆ ಮರಳಿದ ನಂತರ ಇನ್ನೊಬ್ಬರಿಂದ ಬರೆಸಿದ, ಆ ಬರವಣಿಗೆ ಮುಗಿದದ್ದು 1355ರಲ್ಲಿ. ಇಷ್ಟು ವರ್ಷಗಳ ಬಳಿಕ ಹೇಳಿದ ಲೆಕ್ಕವನ್ನು ಎಷ್ಟು ನಂಬಬೇಕು, ನಂಬಲು ಇನ್ನೇನು ಸಿಗಬೇಕು ಎಂದು ಮಕ್ಕಳನ್ನು ಕೇಳಿ ನೋಡಿ. ಆತಕೂರಿನಲ್ಲಿ ದೊರೆತ, ಸುಮಾರು 950ರ ಕಲ್ಲೊಂದರ ಮೇಲೆ ರಾಷ್ಟ್ರಕೂಟ ಕೃಷ್ಣನೂ ಗಂಗ ಬೂತುಗನೂ ಚೋಳರೊಡನೆ ಮಾಡಿದ ಯುದ್ಧದ ಸುದ್ದಿಯಿದೆ. ಅದೇ ಕಲ್ಲಿನ ಮೇಲೆ, ಮಣಲೆರನೆಂಬ ವೀರ ಬೇಡಿ ಪಡೆದ ಕಾಳಿ ಎಂಬ ನಾಯಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತ ವಿಷಯವೂ, ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ ವಿಷಯವೂ ಇದೆ. ನಾಯಿಯ ಜಾಡು ಹಿಡಿದು ಹೊರಟ ಮಗು ತಾನಾಗಿಯೇ ರಾಜನ ಬಳಿಗೂ ಯುದ್ಧದ ಬಳಿಗೂ ಬರುತ್ತದೆ. ರಾಜನಿಂದಲೇ ಆರಂಭಿಸಬೇಕೆಂಬ ನಿಯಮವನ್ನು ಯಾರು ಮಾಡಿದರು?

ಪುರಾಣ ಮತ್ತು ಐತಿಹ್ಯಗಳನ್ನು ತರಗತಿಯಿಂದ ಹೊರಗಿಡಬೇಕೆಂಬ ಅಭಿಪ್ರಾಯ ನನ್ನದಲ್ಲ. ಜನ ಒಂದು ಕಥೆಯನ್ನು ತಲೆಮಾರುಗಳ ಕಾಲ ಏಕೆ ಹೇಳಿಕೊಂಡು ಬಂದರು ಎಂಬುದೇ ಇತಿಹಾಸದ ಒಳ್ಳೆಯ ಪ್ರಶ್ನೆ. ರೋಮ್ ನಗರವನ್ನು ಕಟ್ಟಿದವರಿಗೆ ತೋಳವೊಂದು ಹಾಲೂಡಿಸಿತು ಎಂಬ ಕಥೆಯನ್ನು ಮಕ್ಕಳಿಗೆ ಸಂತೋಷವಾಗಿ ಹೇಳೋಣ, ಅದು ರೋಮನ್ನರು ನಂಬಿದ್ದ ಕಥೆ ಎಂದು ಹೇಳಿಯೇ ಹೇಳೋಣ. ತಮ್ಮ ತಮ್ಮ ನಾಡಿನ ಕಥೆಗಳಿಗೂ ಇದೇ ಅಳತೆಗೋಲು ಅನ್ವಯವಾಗಲಿ.

ಇದೆಲ್ಲಕ್ಕೂ ಸಮಯ ಬೇಕು, ವಾರಕ್ಕೆ ದೊರೆಯುವ ಅವಧಿಗಳು ಹೆಚ್ಚುವುದಿಲ್ಲ ಎಂಬುದು ನನಗೂ ತಿಳಿದಿದೆ. ಹೀಗಾಗಿಯೇ ಪಾಠಗಳನ್ನು ಕಡಿಮೆ ಮಾಡಿ ಎಂದು ಆರಂಭದಲ್ಲೇ ಕೇಳಿದೆ. ಒಂದು ವರ್ಷದಲ್ಲಿ ಹದಿನೈದು ಪಾಠಗಳ ಬದಲು ಆರು ಪಾಠಗಳಿದ್ದು, ಪ್ರತಿ ಪಾಠವೂ ಒಂದೆರಡು ಆಧಾರಗಳ ಸುತ್ತ ನಿಂತಿದ್ದರೆ ಮಕ್ಕಳಿಗೆ ಯಾವ ನಷ್ಟವೂ ಇಲ್ಲ. ಆ ಆರರ ನಡುವಿನ ಕಾಲವನ್ನು ಗೋಡೆಯ ಮೇಲಿನ ಒಂದು ಕಾಲರೇಖೆ ತೋರಿಸಬಲ್ಲದು. ಪರೀಕ್ಷೆಯೂ ಬದಲಾಗಬೇಕು. ಯುದ್ಧ ನಡೆದ ಇಸವಿ ಬರೆಯಿರಿ ಎಂಬ ಪ್ರಶ್ನೆಯಷ್ಟನ್ನೇ ಕೇಳುವವರೆಗೆ ಶಿಕ್ಷಕರು ಇಸವಿಯಷ್ಟನ್ನೇ ಕಲಿಸುತ್ತಾರೆ, ಅವರನ್ನು ದೂರುವಂತಿಲ್ಲ. ಮಗು ಮೊದಲ ಬಾರಿ ಕಾಣುವ ಶಾಸನದ ಎರಡು ಸಾಲಿನ ಅನುವಾದವನ್ನೋ ವಸ್ತುವಿನ ಚಿತ್ರವನ್ನೋ ಕೊಟ್ಟು, ಇದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಕೇಳುವ ಒಂದೇ ಪ್ರಶ್ನೆ ಪತ್ರಿಕೆಯಲ್ಲಿ ಸೇರಿದರೂ ಬೋಧನೆಯ ದಿಕ್ಕು ಬದಲಾಗುತ್ತದೆ. ಇತಿಹಾಸವನ್ನು ವಿಶೇಷವಾಗಿ ಓದಿರದ ಪ್ರಾಥಮಿಕ ಶಿಕ್ಷಕರಿಗೆ ಪ್ರತಿ ಆಧಾರದ ಹಿನ್ನೆಲೆಯನ್ನು ತಿಳಿಸುವ ಕೈಪಿಡಿಯೂ ಪುಸ್ತಕದ ಜೊತೆಯಲ್ಲೇ ಬರಬೇಕು, ವರ್ಷ ಮುಗಿದ ಮೇಲೆ ಅಲ್ಲ.

ಮುಂದಿನ ಪರಿಷ್ಕರಣೆಯ ಕರಡು ನಿಮ್ಮ ಮೇಜಿನ ಮೇಲಿರುವಾಗ, ಪ್ರಾಚೀನ ಮತ್ತು ಮಧ್ಯಕಾಲೀನ ಪಾಠಗಳ ಪ್ರತಿ ಪರಿಚ್ಛೇದದ ಪಕ್ಕದಲ್ಲೂ ‘ಇದು ಹೇಗೆ ಗೊತ್ತು?’ ಎಂಬ ಪ್ರಶ್ನೆಗೆ ಉತ್ತರವನ್ನು ಬರೆದು ನೋಡಿ ಎಂದು ಕೇಳಿಕೊಳ್ಳುತ್ತೇನೆ. ಉತ್ತರ ದೊರೆತಲ್ಲಿ ಅದನ್ನು ಮಕ್ಕಳ ಪುಟಕ್ಕೆ ಸೇರಿಸಿ. ದೊರೆಯದಲ್ಲಿ ಆ ಪರಿಚ್ಛೇದವನ್ನು ತೆಗೆಯಿರಿ, ಅಥವಾ ಅದು ಊಹೆ ಎಂದು ಮಕ್ಕಳಿಗೆ ಹೇಳಿ. ಹಾಗೆ ತಿದ್ದಿದ ಕರಡನ್ನು ಅಚ್ಚಿಗೆ ಕಳುಹಿಸುವ ಮೊದಲು ಕೆಲವು ಶಾಲೆಗಳ ಮೂರನೆಯ, ನಾಲ್ಕನೆಯ, ಐದನೆಯ ತರಗತಿಗಳಲ್ಲಿ ಪಾಠ ಮಾಡಿಸಿ, ಮಕ್ಕಳು ಕೇಳಿದ ಪ್ರಶ್ನೆಗಳನ್ನು ಸಮಿತಿಯ ಮುಂದೆ ತರಿಸಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ